ಚಂಡಮಾರುತ ಪುದುಚೇರಿಗೆ ಬಂದರೆ ಕೊಡಗಿನ ಕಾಫಿ ಕಣ ಯಾಕೆ ನೆನೆಯುತ್ತದೆ?

ಪ್ರಶ್ನೆ: “ನಮ್ಮದು ಮಾದಾಪುರದ ಹತ್ತಿರ ಹನ್ನೆರಡು ಎಕರೆ ಅರೇಬಿಕಾ ತೋಟ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂತು ಅಂತ ಟಿವಿಯಲ್ಲಿ ಇಡೀ ದಿನ ತೋರಿಸಿದರು. ಹೆದರಿ ನಾಲ್ಕು ದಿನ ಕೊಯ್ಲು ನಿಲ್ಲಿಸಿದೆವು. ನಮಗೆ ಮೋಡ ಬಿಟ್ಟರೆ ಏನೂ ಬರಲಿಲ್ಲ, ಹಣ್ಣಾಗಿದ್ದ ಕಾಫಿ ಉದುರಿ ನೆಲಕ್ಕೆ ಬಿತ್ತು. ಮರುವರ್ಷ ಫೆಂಗಲ್ ಪುದುಚೇರಿಗೆ ಅಂದರು. ಪುದುಚೇರಿ ಎಲ್ಲಿ, ನಾವೆಲ್ಲಿ ಅಂತ ಕಣದ ತುಂಬ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು, ಹರಡಿದೆವು. ಎರಡೇ ದಿನಕ್ಕೆ ಮಳೆ ಹಿಡಿಯಿತು, ಅರ್ಧ ಕಣ ಬೂಷ್ಟು ಬಂತು. ಸಹ್ಯಾದ್ರಿ ಇರುವ ತನಕ ಚಂಡಮಾರುತ ನಮಗೆ ತಾಗುವುದಿಲ್ಲ ಅನ್ನುವುದು ನಮ್ಮ ಯಜಮಾನರ ಮಾತು. ಫ್ಲೋರಿಡಾದಲ್ಲಿರುವ ಮಗ ಹೇಳುವುದೇ ಬೇರೆ. ಅಲ್ಲಿ ಹರಿಕೇನ್, ಅಂದರೆ ಆ ಕಡೆಯ ಚಂಡಮಾರುತ, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಹೈ ಪ್ರೆಷರ್ ರಿಡ್ಜ್ ತೀರ್ಮಾನ ಮಾಡುತ್ತದಂತೆ, ಅದನ್ನು ನೋಡಮ್ಮ ಅನ್ನುತ್ತಾನೆ. ಆ ರಿಡ್ಜ್ ಅಂದರೆ ಏನು? ನಮ್ಮ ಕಡೆಯೂ ಅದು ಇದೆಯಾ? ಮುಂದಿನ ಸಲ ಏನು ನೋಡಿ ಕೊಯ್ಲು ನಿಲ್ಲಿಸಬೇಕು?”

ಉತ್ತರ:

ಒಂದು ವರ್ಷ ಸುಮ್ನೆ ಹೆದರಿ ನಷ್ಟ, ಮರುವರ್ಷ ಧೈರ್ಯ ಮಾಡಿ ನಷ್ಟ. ನಿಮ್ಮ ಕಾಗದ ಓದುವಾಗ ನನಗೂ ಬೇಜಾರಾಯಿತು, ಯಾಕೆಂದರೆ ಎರಡು ಸಲವೂ ನಿಮಗೆ ಸಿಕ್ಕ ಸುದ್ದಿ ಸುಳ್ಳಲ್ಲ. ಮಿಚಾಂಗ್ ಬಂತು, ಫೆಂಗಲ್ ಪುದುಚೇರಿ ಹತ್ತಿರವೇ ದಡ ಮುಟ್ಟಿತು. ಆದರೆ ಆ ಸುದ್ದಿ ಕರಾವಳಿಯವರಿಗೆ ಬರೆದದ್ದು. ಚಂಡಮಾರುತ ದಡ ಮುಟ್ಟಿದ ಮೇಲೆ ಯಾವ ಕಡೆ ಹೊರಳುತ್ತದೆ ಅನ್ನುವುದು ನಿಮಗೆ ಬೇಕಿತ್ತು. ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ನಿಮ್ಮ ಮಗ ಹೇಳಿದ್ದು ಸರಿ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಮುನ್ಸೂಚನೆ ಕೆಲಸದಲ್ಲಿದ್ದವನು, ಮನೆ ಮಡಿಕೇರಿ. ಬಂಗಾಳ ಕೊಲ್ಲಿಯಲ್ಲಿ ಏನಾದರೂ ಹುಟ್ಟಿದರೆ ನಾನು ಮೊದಲು ನೋಡುವುದು ಚಂಡಮಾರುತವನ್ನಲ್ಲ, ಅದರ ಉತ್ತರಕ್ಕೆ ಮತ್ತು ಪೂರ್ವಕ್ಕೆ ಇರುವ ಅಧಿಕ ಒತ್ತಡವನ್ನು.

ರಿಡ್ಜ್ ಅಂದರೆ ಗಾಳಿಯ ದಿಣ್ಣೆ. ನಿಮ್ಮ ತೋಟದ ಸರ್ವೆ ನಕ್ಷೆಯಲ್ಲಿ ಕಾಂಟೂರ್ ಗೆರೆಗಳು ಇರುತ್ತವಲ್ಲ, ಎಲ್ಲಿ ಏರು, ಎಲ್ಲಿ ತಗ್ಗು ಅಂತ ತೋರಿಸುವುದು, ನಾವು ಹವಾಮಾನದವರು ನೋಡುವ ನಕ್ಷೆಯೂ ನೋಡಲು ಹಾಗೇ ಇರುತ್ತದೆ. ನೆಲದಿಂದ ಐದೂಮುಕ್ಕಾಲು, ಆರು ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ 500 ಹೆಕ್ಟೋಪಾಸ್ಕಲ್‌ಗೆ, ಅಂದರೆ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆ ಎತ್ತರದ ನಕ್ಷೆಯಲ್ಲಿ ದಿಣ್ಣೆ ಎದ್ದು ಕಾಣುತ್ತದೆ. ಸಮಭಾಜಕದ ಹತ್ತಿರ ಬಿಸಿಯಾಗಿ ಮೇಲೆದ್ದ ಗಾಳಿ ದೂರ ಹೋಗಿ ನಿಧಾನವಾಗಿ ಕೆಳಗೆ ಕೂರುತ್ತದೆ. ಹಾಗೆ ಕೂರುವ ಜಾಗದಲ್ಲಿ ಅಧಿಕ ಒತ್ತಡದ ಪಟ್ಟಿ ಆಗುತ್ತದೆ, ಮೋಡ ಕಟ್ಟುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ. ಅಟ್ಲಾಂಟಿಕ್‌ನಲ್ಲಿ ಇದಕ್ಕೆ ಬರ್ಮುಡಾ ಹೈ ಅಂತ ಹೆಸರೇ ಇದೆ. ನಮ್ಮಲ್ಲಿ ಅಂಥ ಹೆಸರಿಲ್ಲ, ಆದರೆ ದಿಣ್ಣೆ ಇದ್ದೇ ಇದೆ. ಬೇಸಿಗೆಯಿಂದ ಚಳಿಗಾಲಕ್ಕೆ ಉತ್ತರ ದಕ್ಷಿಣ ಜರುಗುತ್ತಾ ಇರುತ್ತದೆ.

ಇನ್ನು ಮುಖ್ಯ ವಿಷಯ. ಭೂಮಿಯ ನಮ್ಮ ಅರ್ಧದಲ್ಲಿ ಅಧಿಕ ಒತ್ತಡದ ಸುತ್ತ ಗಾಳಿ ಪ್ರದಕ್ಷಿಣೆ ಹಾಕುತ್ತದೆ. ನಾವು ಓಂಕಾರೇಶ್ವರ ದೇವಸ್ಥಾನದಲ್ಲಿ ಹಾಕುವ ಹಾಗೇ. ಪೂರ್ವದಿಂದ ಹೊರಟು ಗುಡಿಯ ದಕ್ಷಿಣದ ಕಡೆ ನಡೆಯುವಾಗ ನಾವು ಪಶ್ಚಿಮಕ್ಕೆ ಹೋಗುತ್ತಿರುತ್ತೇವೆ. ಹಿಂಬದಿಗೆ ಬಂದ ಮೇಲೆ ಉತ್ತರಕ್ಕೆ ತಿರುಗುತ್ತೇವೆ. ಚಂಡಮಾರುತವೂ ಅಷ್ಟೇ. ದಿಣ್ಣೆಯ ದಕ್ಷಿಣದಲ್ಲಿ ಸಿಕ್ಕಿಕೊಂಡರೆ ಪಶ್ಚಿಮಕ್ಕೆ ಹೋಗುತ್ತದೆ, ಪಶ್ಚಿಮದ ಅಂಚಿಗೆ ಬಂದರೆ ಉತ್ತರಕ್ಕೆ ಹೊರಳುತ್ತದೆ, ಅಲ್ಲಿಂದ ಮುಂದೆ ಈಶಾನ್ಯಕ್ಕೆ. ಅದಕ್ಕೆ ತನ್ನದೇ ಕಾಲು ಇಲ್ಲ, ಹೊಳೆಯಲ್ಲಿ ತೇಲುವ ಸೌದೆಯ ಹಾಗೆ ಸುತ್ತಲಿನ ಗಾಳಿ ಕರೆದುಕೊಂಡು ಹೋದಲ್ಲಿಗೆ ಹೋಗುತ್ತದೆ. ಭೂಮಿಯ ತಿರುಗಾಟದಿಂದಾಗಿ ತಾನಾಗಿ ಸ್ವಲ್ಪ ವಾಯವ್ಯಕ್ಕೆ ಸರಿಯುವ ಗುಣ ಇದೆ, ಆದರೆ ಅದು ಸಣ್ಣದು.

ಈಗ ನಿಮ್ಮ ಎರಡು ವರ್ಷ ನೋಡೋಣ.

ಮಿಚಾಂಗ್‌ಗೆ ದಿಣ್ಣೆ ಪೂರ್ವದ ಕಡೆ ಇತ್ತು. ಅದು ತಮಿಳುನಾಡಿನ ಕಡೆಗೆ ಬಂದು, ದಿಣ್ಣೆಯ ಪಶ್ಚಿಮ ಅಂಚು ಹಿಡಿದು, ಕರಾವಳಿಗೆ ಸಮನಾಗಿ ಉತ್ತರಕ್ಕೆ ಹೋಯಿತು. ಹೋಗುತ್ತಾ ಚೆನ್ನೈಯನ್ನು ಮುಳುಗಿಸಿತು. 2023ರ ಡಿಸೆಂಬರ್ 5ಕ್ಕೆ ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿತು. ಹೀಗೆ ಉತ್ತರಕ್ಕೆ ಹೋಗುವ ಚಂಡಮಾರುತ ನಮ್ಮ ಕಡೆಯ ತೇವವನ್ನೂ ತನ್ನ ಹಿಂದೆಯೇ ಎಳೆದುಕೊಂಡು ಹೋಗುತ್ತದೆ. ನಮಗೆ ಉಳಿಯುವುದು ಒಂದಿಷ್ಟು ಮೋಡ, ಚಳಿಗಾಳಿ. ನೀವು ಕಂಡದ್ದು ಅದನ್ನೇ.

ಫೆಂಗಲ್‌ದು ಬೇರೆ ಕಥೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಮುಟ್ಟಿದ ಮೇಲೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಅದನ್ನು ಎಳೆಯುವ ಗಾಳಿ ಆಗ ಬಹಳ ದುರ್ಬಲವಾಗಿತ್ತು. ಒಂದು ಕಡೆಯ ದಿಣ್ಣೆ ಇತ್ತ ಎಳೆದರೆ ಇನ್ನೊಂದು ಅತ್ತ, ನಡುವೆ ಇದು. ಪುದುಚೇರಿಗೆ ಒಂದೇ ದಿನದಲ್ಲಿ 40 ಸೆಂಟಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯಿತು. ಆಮೇಲೆ ನಿಧಾನಕ್ಕೆ ಪಶ್ಚಿಮಕ್ಕೆ ಹೊರಟು, ತಮಿಳುನಾಡಿನ ಒಳನಾಡು ದಾಟಿ, ಡಿಸೆಂಬರ್ 3ರ ಹೊತ್ತಿಗೆ ಕರಾವಳಿ ಕರ್ನಾಟಕ, ಉತ್ತರ ಕೇರಳದ ಎದುರಿನ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಆ ದಾರಿ ನಮ್ಮ ಪಕ್ಕದಲ್ಲೇ ಹೋಗುತ್ತದೆ. ಪುದುಚೇರಿಯಿಂದ ಮಡಿಕೇರಿಗೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರ್, ಗಂಟೆಗೆ ಹತ್ತು ಕಿಲೋಮೀಟರ್ ನಡೆದರೂ ಎರಡು ದಿನ ಸಾಕು. ನಿಮ್ಮ ಕಣ ನೆನೆದದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ, ಅಲ್ವಾ?

ದಡ ಮುಟ್ಟಿದ ಮೇಲೆ ಯಾಕೆ ದಾರಿ ಬದಲಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕೊಡಗಿನವರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ. ಬಲವಾದ ಚಂಡಮಾರುತ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಕಂಬದ ಹಾಗೆ. ಮೇಲಿನ ಗಾಳಿ, ನಡುವಿನ ಗಾಳಿ, ಕೆಳಗಿನ ಗಾಳಿ ಎಲ್ಲವೂ ಸೇರಿ ಅದನ್ನು ತಳ್ಳುತ್ತವೆ. ನೆಲಕ್ಕೆ ಬಂದು ಬಲ ಕಳೆದುಕೊಂಡಾಗ ಕಂಬ ಕುಸಿದು ಗಿಡ್ಡ ಆಗುತ್ತದೆ. ಆಗ ಅದಕ್ಕೆ ತಾಗುವುದು ಕೆಳಗಿನ ಗಾಳಿ ಮಾತ್ರ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮಲ್ಲಿ ಕೆಳಗಿನ ಗಾಳಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ದುರ್ಬಲ ಆದಷ್ಟೂ ಅದು ನಮ್ಮ ಕಡೆ, ಪಶ್ಚಿಮಕ್ಕೆ ತೇಲಿ ಬರುವ ಸಾಧ್ಯತೆ ಜಾಸ್ತಿ. ಟಿವಿಯಲ್ಲಿ “ಚಂಡಮಾರುತ ದುರ್ಬಲಗೊಂಡಿದೆ” ಅಂತ ಬಂದ ಕೂಡಲೇ ಜನ ಚಾನೆಲ್ ಬದಲಾಯಿಸುತ್ತಾರೆ. ನಮ್ಮ ತೋಟದವರು ಅಲ್ಲಿಂದಲೇ ಸರಿಯಾಗಿ ನೋಡಲು ಶುರು ಮಾಡಬೇಕು.

ಈ ಪಾಠ ನಾನೇ ತಪ್ಪು ಮಾಡಿ ಕಲಿತದ್ದು. 2013ರ ಡಿಸೆಂಬರ್‌ನಲ್ಲಿ ಮಾದಿ ಅನ್ನುವ ಚಂಡಮಾರುತ ಕೊಲ್ಲಿಯ ನಡುವೆ ಉತ್ತರಕ್ಕೆ ಹೋಗುತ್ತಿತ್ತು. ಗೋಣಿಕೊಪ್ಪದ ಚಿಕ್ಕಪ್ಪ ಫೋನ್ ಮಾಡಿದರು, ಭತ್ತ ಕುಯ್ದು ಗದ್ದೆಯಲ್ಲಿತ್ತು. ಉತ್ತರಕ್ಕೆ ಹೋಯಿತು, ಇನ್ನು ಯೋಚನೆ ಬೇಡ ಅಂದುಬಿಟ್ಟೆ. ಅದು ಮೇಲಿನ ಗಾಳಿಯ ಹೊಡೆತಕ್ಕೆ ತಲೆ ಕಳಚಿಕೊಂಡು ಗಿಡ್ಡ ಆಯಿತು. ಆಮೇಲೆ ಈಶಾನ್ಯದ ಗಾಳಿ ಅದನ್ನು ಬಂದ ದಾರಿಯಲ್ಲೇ ವಾಪಸ್ ತಳ್ಳಿಕೊಂಡು ಬಂದು, ತಮಿಳುನಾಡಿನ ವೇದಾರಣ್ಯಂ ಹತ್ತಿರ ದಡ ಸೇರಿಸಿತು. ಮತ್ತೆ ಫೋನ್ ಮಾಡಿ ಮಾತು ವಾಪಸ್ ತೆಗೆದುಕೊಂಡೆ. ಅವತ್ತಿನಿಂದ ಯಾರಿಗೂ “ಇನ್ನು ಯೋಚನೆ ಬೇಡ” ಅನ್ನುವ ಮಾತು ಹೇಳಿಲ್ಲ.

ಜನರ ಬಾಯಲ್ಲಿ ಓಡಾಡುವ ಕೆಲವು ಮಾತು ಸರಿ ಮಾಡಬೇಕು. ಚಂಡಮಾರುತ ಬಿಸಿ ನೀರನ್ನು ಹುಡುಕಿಕೊಂಡು ಹೋಗುತ್ತದೆ ಅನ್ನುತ್ತಾರೆ. ಬಿಸಿ ನೀರು ಅದಕ್ಕೆ ಶಕ್ತಿ ಕೊಡುತ್ತದೆ, ದಾರಿ ತೋರಿಸುವುದಿಲ್ಲ. ಇನ್ನೊಂದು, ಅಧಿಕ ಒತ್ತಡ ಇದ್ದರೆ ಒಳ್ಳೆಯ ಹವಾ, ಅದು ನಮ್ಮನ್ನು ಕಾಯುತ್ತದೆ ಅನ್ನುವುದು. ಇದು ಅರ್ಧ ಸತ್ಯ, ಹಾಗಾಗಿ ಜಾಸ್ತಿ ಅಪಾಯ. ದಿಣ್ಣೆಯ ಅಡಿಯಲ್ಲೇ ಇರುವವರಿಗೆ ಬಿಸಿಲು. ಆದರೆ ದಿಣ್ಣೆಯ ಕೆಳ ಅಂಚಿನಲ್ಲಿರುವ ಕರಾವಳಿಗೆ ಚಂಡಮಾರುತವನ್ನು ನೇರ ತಂದು ಬಿಡುವುದೂ ಅದೇ ದಿಣ್ಣೆ. 1992ರಲ್ಲಿ ಆಂಡ್ರೂ ಹರಿಕೇನ್ ಉತ್ತರಕ್ಕೆ ತಿರುಗಿ ಸಮುದ್ರದಲ್ಲೇ ಕಳೆದುಹೋಗಲು ಬಿಡದೆ, ಅದನ್ನು ನೇರ ಪಶ್ಚಿಮಕ್ಕೆ ಅಟ್ಟಿ ದಕ್ಷಿಣ ಫ್ಲೋರಿಡಾದ ಮೇಲೆ ಹಾಕಿದ್ದು ಬಲವಾದ ರಿಡ್ಜ್. 2012ರ ಸ್ಯಾಂಡಿ ಇನ್ನೂ ವಿಚಿತ್ರ. ಅಕ್ಟೋಬರ್ ಕೊನೆಯಲ್ಲಿ ಆ ಕಡೆಯ ಹರಿಕೇನ್‌ಗಳು ಸಾಮಾನ್ಯವಾಗಿ ಈಶಾನ್ಯಕ್ಕೆ, ತೆರೆದ ಸಮುದ್ರಕ್ಕೆ ಹೋಗಿಬಿಡುತ್ತವೆ. ಆ ಸಲ ಗ್ರೀನ್‌ಲ್ಯಾಂಡ್ ಕಡೆ ಅಧಿಕ ಒತ್ತಡ ದಾರಿಗೆ ಅಡ್ಡ ಕೂತಿತ್ತು. ಹೋಗಲು ಜಾಗ ಇಲ್ಲದೆ ಸ್ಯಾಂಡಿ ಎಡಕ್ಕೆ ತಿರುಗಿ ನ್ಯೂಜೆರ್ಸಿ ಕರಾವಳಿಗೆ ನುಗ್ಗಿತು.

ಎರಡು ದಿಣ್ಣೆಗಳ ನಡುವೆ ಸಿಕ್ಕಿ ನಿಂತುಬಿಟ್ಟರೆ ಗಾಳಿಗಿಂತ ಮಳೆಯೇ ಕೊಲ್ಲುತ್ತದೆ. 2017ರಲ್ಲಿ ಹಾರ್ವಿ ಟೆಕ್ಸಾಸ್ ಹತ್ತಿರ ಹೀಗೇ ನಿಂತಿತು. ಒಂದು ಕಡೆ ಕೆಲವೇ ದಿನದಲ್ಲಿ 60 ಇಂಚು ದಾಟಿತು. ನಮ್ಮ ತೋಟದ ಲೆಕ್ಕದಲ್ಲಿ ಯೋಚನೆ ಮಾಡಿ, ಮಡಿಕೇರಿಗೆ ವರ್ಷವಿಡೀ ಬೀಳುವ ಮಳೆಯ ಸುಮಾರು ಅರ್ಧ.

ಮುನ್ಸೂಚನೆ ಪದೇ ಪದೇ ಬದಲಾಗುತ್ತದೆ ಅಂತ ಬೈಯುವವರಿಗೆ ನಾನು ಇರ್ಮಾದ ಕಥೆ ಹೇಳುತ್ತೇನೆ. ನಿಮ್ಮ ಮಗನಿಗೂ ಗೊತ್ತಿರಬಹುದು. 2017ರ ಸೆಪ್ಟೆಂಬರ್‌ನಲ್ಲಿ ಅದು ರಿಡ್ಜ್‌ನ ದಕ್ಷಿಣದಲ್ಲಿ ಪಶ್ಚಿಮಕ್ಕೆ ಬರುತ್ತಿತ್ತು. ಅಂಚಿಗೆ ಬಂದ ಮೇಲೆ ಉತ್ತರಕ್ಕೆ ತಿರುಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಯಾವ ಗಂಟೆಗೆ ತಿರುಗುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮೊದಲು ಮಯಾಮಿ ಕಡೆ ಬೆರಳು ತೋರಿಸಿದರು. ರಿಡ್ಜ್ ಇನ್ನೂ ಸ್ವಲ್ಪ ಹೊತ್ತು ಗಟ್ಟಿಯಾಗಿ ನಿಂತಿತು, ಇರ್ಮಾ ಕ್ಯೂಬಾದ ಅಂಚು ಉಜ್ಜಿಕೊಂಡು ಹೋಗಿ ತಡವಾಗಿ ತಿರುಗಿತು, ಫ್ಲೋರಿಡಾದ ಪಶ್ಚಿಮ ಕರಾವಳಿಯ ಮಾರ್ಕೋ ಐಲ್ಯಾಂಡ್‌ಗೆ ಹೋಯಿತು. ಮಯಾಮಿಯಿಂದ ಅದು ನೂರೈವತ್ತು ಕಿಲೋಮೀಟರ್ ಆಸುಪಾಸು, ಅಷ್ಟೇ. ಆದರೆ ಕೆಲವೇ ಗಂಟೆಯ ವ್ಯತ್ಯಾಸ ಇಡೀ ಒಂದು ನಗರದ ಹಣೆಬರಹ ಬದಲಾಯಿಸಿತು.

ಯಾಕೆ ಮೊದಲೇ ಗೊತ್ತಾಗುವುದಿಲ್ಲ? ದಿಣ್ಣೆ ಎಷ್ಟು ಗಟ್ಟಿ ಇದೆ ಅನ್ನುವುದನ್ನು ಅಳೆಯಬೇಕಾದರೆ ಆಕಾಶಕ್ಕೆ ಉಪಕರಣ ಕಳಿಸಬೇಕು. ಮಂಗಳೂರು, ಬೆಂಗಳೂರು, ಚೆನ್ನೈನಂಥ ಕಡೆಯಿಂದ ಹವಾಮಾನ ಬಲೂನು ಹಾರಿಸುತ್ತಾರೆ. ಜಗತ್ತಿನ ವಾಡಿಕೆಯಂತೆ ಬೆಳಿಗ್ಗೆ ಐದೂವರೆ, ಸಂಜೆ ಐದೂವರೆ ಅದಕ್ಕೆ ಗೊತ್ತಾದ ಹೊತ್ತು. ಸಮುದ್ರದ ಮೇಲೆ ಬಲೂನು ಹಾರಿಸುವವರು ಯಾರು? ಅಲ್ಲಿ ಉಪಗ್ರಹವೇ ಗತಿ. ಅಮೆರಿಕದವರು ಒಂದು ಜೆಟ್ ವಿಮಾನವನ್ನು ಹರಿಕೇನ್‌ನ ಒಳಗಲ್ಲ, ಅದರ ಸುತ್ತಮುತ್ತ ಹಾರಿಸುತ್ತಾರೆ. ಅದರಿಂದ ಉಪಕರಣಗಳನ್ನು ಕೆಳಗೆ ಬಿಟ್ಟು ರಿಡ್ಜ್‌ನ ಗಾಳಿ ಅಳೆಯುತ್ತಾರೆ. ಅಂದರೆ ದಾರಿ ತಿಳಿಯಲು ಅವರೂ ನೋಡುವುದು ದಿಣ್ಣೆಯನ್ನೇ. ಉತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಗಾಳಿಯ ತಗ್ಗು, ಅಂದರೆ ಕಡಿಮೆ ಒತ್ತಡದ ಪಟ್ಟಿ, ಒಂದು ಬಂದು ದಿಣ್ಣೆಗೆ ಬಿರುಕು ಬಿಟ್ಟರೆ, ಚಂಡಮಾರುತ ಆ ಸಂದಿಯಲ್ಲಿ ಉತ್ತರಕ್ಕೆ ಜಾರುತ್ತದೆ. ತಗ್ಗು ಒಂದು ದಿನ ತಡವಾದರೆ ಸಂದಿ ತೆರೆಯುವುದೇ ಇಲ್ಲ. 2023ರ ಜೂನ್‌ನಲ್ಲಿ ಅರಬ್ಬಿ ಸಮುದ್ರದ ಬಿಪರ್‌ಜಾಯ್ ಹದಿಮೂರು ದಿನ ಬದುಕಿತ್ತು. ಒಂದು ದಿನ ಒಮಾನ್ ಕಡೆ, ಒಂದು ದಿನ ಪಾಕಿಸ್ತಾನದ ಕಡೆ ಅಂತ ಗಣಕಯಂತ್ರದ ಲೆಕ್ಕಗಳೇ ಜಗಳ ಆಡಿದವು. ಕೊನೆಗೆ ಜೂನ್ 15ಕ್ಕೆ ಗುಜರಾತಿನ ಜಖೌ ಬಂದರಿನ ಹತ್ತಿರ ದಡ ಸೇರಿತು. ಎರಡು ದಿಣ್ಣೆಗಳ ನಡುವೆ ಸಿಕ್ಕಿದ್ದೇ ಇದಕ್ಕೂ ಕಾರಣ.

ಯಜಮಾನರ ಮಾತಿಗೆ ಬರೋಣ. ಗಾಳಿಯ ಮಟ್ಟಿಗೆ ಅವರು ಹೇಳುವುದರಲ್ಲಿ ಸತ್ಯ ಇದೆ. ಪೂರ್ವದಿಂದ ಬಂದ ಚಂಡಮಾರುತ ನಮ್ಮನ್ನು ತಲುಪುವ ಹೊತ್ತಿಗೆ ನೂರಾರು ಕಿಲೋಮೀಟರ್ ನೆಲ ಸವೆಸಿ ಸೋತಿರುತ್ತದೆ. ಮರ ಉರುಳಿಸುವ ಗಾಳಿ ಅದರಲ್ಲಿ ಉಳಿದಿರುವುದಿಲ್ಲ. ಆದರೆ ಮಳೆಯ ವಿಷಯದಲ್ಲಿ ಬೆಟ್ಟ ನಮ್ಮ ಕಡೆ ಇಲ್ಲ. ಮಡಿಕೇರಿಯಿಂದ ಕಾಸರಗೋಡಿನ ಕಡಲಿಗೆ ನೇರ ಅಳೆದರೆ ಎಂಬತ್ತು ಕಿಲೋಮೀಟರ್ ಅಷ್ಟೇ. ಚಂಡಮಾರುತದ ಸುತ್ತ ಗಾಳಿ ಅಪ್ರದಕ್ಷಿಣೆಯಾಗಿ ತಿರುಗುತ್ತದೆ. ಅದರ ಕೇಂದ್ರ ನಮ್ಮ ಪೂರ್ವಕ್ಕೆ ಇರುವ ತನಕ ನಮಗೆ ಬೀಸುವುದು ಉತ್ತರದ ಒಣ ಗಾಳಿ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಕೇಂದ್ರ ನಮ್ಮ ಉತ್ತರಕ್ಕೆ ಬಂದಾಗ ಗಾಳಿ ಪಶ್ಚಿಮಕ್ಕೆ ತಿರುಗುತ್ತದೆ, ಅರಬ್ಬಿ ಸಮುದ್ರದ ತೇವ ಹೊತ್ತು ಬೆಟ್ಟ ಹತ್ತುತ್ತದೆ, ಹತ್ತಿದ್ದು ಸುರಿಯುತ್ತದೆ. ಇದೇ ಬೆಟ್ಟ ಜೂನ್, ಜುಲೈಯಲ್ಲಿ ನಮಗೆ ಮಳೆ ತರುವುದು, ಡಿಸೆಂಬರ್‌ನಲ್ಲಿ ಅದು ಬೇರೆ ಬೆಟ್ಟ ಆಗುವುದಿಲ್ಲವಲ್ಲ.

ಇದನ್ನು ಮನೆ ಅಂಗಳದಲ್ಲೇ ನೋಡಬಹುದು. ಗಾಳಿ ಬರುವ ದಿಕ್ಕಿಗೆ ಬೆನ್ನು ಹಾಕಿ ನಿಂತರೆ ವಾಯುಭಾರ ಕುಸಿತ ನಿಮ್ಮ ಎಡಗೈ ಕಡೆ ಇರುತ್ತದೆ. ನಮ್ಮ ಕಣಿವೆಗಳಲ್ಲಿ ನೆಲದ ಗಾಳಿ ನಂಬಬೇಡಿ, ಗುಡ್ಡ ಅದನ್ನು ತಿರುಗಿಸಿಬಿಡುತ್ತದೆ. ಕೆಳಮಟ್ಟದ ಮೋಡ ಎಲ್ಲಿಂದ ಎಲ್ಲಿಗೆ ಓಡುತ್ತಿದೆ ನೋಡಿ. ಉತ್ತರದಿಂದ ಓಡುತ್ತಿದ್ದ ಮೋಡ ಪಶ್ಚಿಮದಿಂದ ಓಡಲು ಶುರುವಾದರೆ ಟಾರ್ಪಾಲ್ ಎಳೆಯುವ ಹೊತ್ತು ಬಂತು ಅಂತ ಅರ್ಥ.

ಹಾಗೇ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದದ್ದು ಚಂಡಮಾರುತದಿಂದ ಅಂತ ಈಗಲೂ ಹೇಳುವವರಿದ್ದಾರೆ. ಅಲ್ಲ. ಅದು ಮುಂಗಾರಿನ ಮಳೆ. ಒಡಿಶಾ ಕಡೆ ಇದ್ದ ವಾಯುಭಾರ ಕುಸಿತ ಪಶ್ಚಿಮದ ಗಾಳಿಗೆ ಇನ್ನಷ್ಟು ಬಲ ಕೊಟ್ಟಿತ್ತು, ಬೆಟ್ಟ ಅದಕ್ಕೂ ಮೊದಲೇ ವಾರಗಟ್ಟಲೆ ನೆನೆದಿತ್ತು. ಚಂಡಮಾರುತದ ಎಚ್ಚರಿಕೆ ಇಲ್ಲ ಅಂತ ಆಗಸ್ಟ್‌ನಲ್ಲಿ ಇಳಿಜಾರಿನ ಕೆಳಗಿನವರು ಆರಾಮಾಗಿರುವ ಹಾಗಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹವಾಮಾನ ಇಲಾಖೆ ದಾರಿಯ ನಕ್ಷೆ ಕೊಡುತ್ತದೆ, ಮುಂದೆ ಮುಂದೆ ಅಗಲ ಆಗುತ್ತಾ ಹೋಗುವ ಪಟ್ಟಿ. ಒಂದು ದಿನ ಮುಂಚಿನ ಲೆಕ್ಕ ಸರಾಸರಿ ನೂರು ಕಿಲೋಮೀಟರ್ ಒಳಗೇ ತಪ್ಪುತ್ತದೆ, ಮೂರು ದಿನ ಮುಂಚಿನದು ನೂರೈವತ್ತರ ಆಸುಪಾಸು. ನಡುವಿನ ಗೆರೆ ನೋಡಬೇಡಿ. ಪಟ್ಟಿ ದಡ ದಾಟಿದ ಮೇಲೆ ಯಾವ ಕಡೆ ಬಾಗಿದೆ ನೋಡಿ. ನೆಲ್ಲೂರಿನಿಂದ ಮೇಲೆ, ಉತ್ತರಕ್ಕೆ ಬಾಗಿದ್ದರೆ ಕೊಯ್ಲು ನಿಲ್ಲಿಸಬೇಡಿ, ದಿನಾ ಸಂಜೆ ಒಮ್ಮೆ ಬುಲೆಟಿನ್ ನೋಡಿದರೆ ಸಾಕು. ಚೆನ್ನೈ, ನಾಗಪಟ್ಟಣದ ನಡುವೆ ದಡ ಮುಟ್ಟಿ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದು ನಿಮ್ಮ ಚಂಡಮಾರುತ, ಟಿವಿಯವರು ಹೇಳಲಿ ಬಿಡಲಿ. 2018ರ ನವೆಂಬರ್‌ನಲ್ಲಿ ಗಜ ವೇದಾರಣ್ಯಂ ಹತ್ತಿರ ಬಂದು, ತಮಿಳುನಾಡು, ಕೇರಳ ದಾಟಿ ಅರಬ್ಬಿ ಸಮುದ್ರಕ್ಕೆ ಹೋಗಿತ್ತು. ಬುಲೆಟಿನ್‌ನಲ್ಲಿ “ಬಹುತೇಕ ನಿಂತಲ್ಲೇ ಇದೆ” ಅಂತ ಕಂಡರೆ ಎರಡು ಪಟ್ಟು ಹುಷಾರು, ಆಗ ಎಳೆಯುವ ಗಾಳಿ ಇಲ್ಲ, ಯಾವ ಕಡೆಗೂ ಹೊರಳಬಹುದು.

ಮಳೆ ಖಾತ್ರಿ ಅನ್ನಿಸಿದಾಗಲೂ ಕೊಯ್ಲು ಪೂರ್ತಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಪೂರ್ತಿ ಹಣ್ಣಾದ ಅರೇಬಿಕಾ ಗಿಡದಲ್ಲೇ ನೆನೆದರೆ ಬಿರಿಯುತ್ತದೆ, ಉದುರುತ್ತದೆ, ಉದುರಿದ್ದನ್ನು ಹೆಕ್ಕದಿದ್ದರೆ ಕಾಯಿಕೊರಕ ಹುಳಕ್ಕೆ ಮನೆ ಆಗುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇದ್ದರೆ ಮಳೆಗೆ ಎರಡು ದಿನ ಮುಂಚೆ ಹಣ್ಣನ್ನು ಪಲ್ಪ್ ಮಾಡಿ ಪಾರ್ಚ್‌ಮೆಂಟ್ (ತೆಳು ಹೊಟ್ಟು ಉಳಿದ ಬೀಜ) ಮಾಡುವುದು ಒಳ್ಳೆಯದು, ಚೆರ್ರಿಗಿಂತ ಬೇಗ ಒಣಗುತ್ತದೆ. ಅಪಾಯ ಏನೆಂದರೆ, ಒದ್ದೆ ಪಾರ್ಚ್‌ಮೆಂಟ್ ಮೂರು ದಿನ ಮೋಡಕ್ಕೆ ಸಿಕ್ಕಿದರೆ ಚೆರ್ರಿಗಿಂತ ಬೇಗ ಹಾಳೂ ಆಗುತ್ತದೆ, ಸೂರಿನಡಿ ಗಾಳಿ ಆಡುವ ಜಾಗ ಇಲ್ಲದಿದ್ದರೆ ಈ ದಾರಿ ಬೇಡ. ಕಣದಲ್ಲಿ ಹರಡಿದ್ದು ಅರ್ಧ ಒಣಗಿದ್ದರೆ ರಾಶಿ ಮಾಡಿ ಮುಚ್ಚಿ, ಆದರೆ ಮಳೆ ಬಿಟ್ಟ ಕೂಡಲೇ ತೆಗೆಯಿರಿ. ಟಾರ್ಪಾಲ್ ಒಳಗೆ ಬೆವತು ಬೂಷ್ಟು ಬರುವುದೇ ಜಾಸ್ತಿ, ನಿಮ್ಮ ಅರ್ಧ ಕಣಕ್ಕೂ ಹಾಗೇ ಆಗಿರಬೇಕು ಅಂತ ನನ್ನ ಅಂದಾಜು. ಹಸಿ ಚೆರ್ರಿಯನ್ನಂತೂ ಚೀಲ ಕಟ್ಟಿ ಇಡಲೇಬೇಡಿ, ಜಗುಲಿಯಾದರೂ ಸರಿ, ಎರಡು ಇಂಚಿಗಿಂತ ದಪ್ಪ ಇಲ್ಲದ ಹಾಗೆ ಹರಡಿ ಕೈ ಆಡಿಸುತ್ತಾ ಇರಿ. ನಾಲ್ಕು ದಿನದ ಕೊಯ್ಲನ್ನು ಒಂದೇ ಸಲ ಕಣಕ್ಕೆ ಇಳಿಸುವ ಬದಲು, ನಿಮ್ಮ ಟಾರ್ಪಾಲ್ ಮುಚ್ಚುವಷ್ಟು ಮಾತ್ರ ಕೀಳಿಸಿ. ಕೂಲಿಯವರಿಗೆ ಉಳಿದ ಹೊತ್ತು ಗಿಡ ಸವರುವ ಕಪಾತೋ, ಉದುರಿದ್ದು ಹೆಕ್ಕುವುದೋ ಕೊಡಬಹುದು.

ಕೊನೆಗೆ ಮೇ, ಜೂನ್ ವಿಷಯ ಒಂದು ಮಾತು. ಆಗ ಚಂಡಮಾರುತ ನಮ್ಮ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದಲ್ಲಿ ಹುಟ್ಟುವುದೂ ಉಂಟು. 2021ರ ಮೇಯಲ್ಲಿ ತೌಕ್ತೆ ಹೀಗೇ ದಿಣ್ಣೆಯ ಪಶ್ಚಿಮ ಅಂಚು ಹಿಡಿದು ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹೋಗಿ ಗುಜರಾತ್ ಸೇರಿತು, ನಮ್ಮ ದಡ ಮುಟ್ಟದೆಯೇ ನಮ್ಮ ಬೆಟ್ಟಗಳನ್ನು ನೆನೆಸಿತು. ಆ ತಿಂಗಳಲ್ಲಿ ಕಣದ ಚಿಂತೆ ಇರುವುದಿಲ್ಲ, ಆದರೆ ನಿಮ್ಮ ತೋಟದ ಮೇಲ್ಭಾಗದಲ್ಲಿ ಹೊಸದಾಗಿ ರಸ್ತೆಗೆ ಮಣ್ಣು ಕಡಿದಿದ್ದರೆ ಏಪ್ರಿಲ್ ಒಳಗೆ ನೀರು ಹರಿಯುವ ಚರಂಡಿ ಬಿಡಿಸಿಡಿ. ಮುಂದಿನ ಕೊಯ್ಲಿಗೆ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಬರೆಯಿರಿ, ಆ ದಿನದ ದಿಣ್ಣೆ ಎಲ್ಲಿದೆ ನೋಡಿ ಹೇಳುತ್ತೇನೆ.